ಹಲಗೆಯ ಆಚೆ



ಇಂದು ನಾವು ಒಂದು ಹಲಗೆಯ ವಿಚಾರ ಮಾತನಾಡುವವರಿದ್ದೇವೆ. ದೊಡ್ಡ ಹಲಗೆಯೇನಲ್ಲ. ಒಂದು ಅಡಿ ಅಗಲ, ಒಂದು ಅಂಗುಲಕ್ಕೆ ತುಸು ಕಡಿಮೆ ದಪ್ಪ. ಪೈನ್ ಮರದ ಹಗುರ ಹಲಗೆ. ಅದರಿಂದ ಬಾಗಿಲು ಆಗದು, ಒಂದು ಮಣೆ ಆದೀತು. ಇಬ್ಬರು ಅದನ್ನು ಎರಡು ಕಡೆಯಿಂದ ಹಿಡಿದು ನಿಲ್ಲುತ್ತಾರೆ. ಎದುರಿಗೆ ಬಿಳಿಯ ಉಡುಪು ತೊಟ್ಟ ಒಬ್ಬ ಹುಡುಗ ಬಂದು ನಿಲ್ಲುತ್ತಾನೆ. ಉಸಿರು ಎಳೆದುಕೊಳ್ಳುತ್ತಾನೆ, ಕೂಗುತ್ತಾನೆ, ಹೊಡೆಯುತ್ತಾನೆ. ಹಲಗೆ ಎರಡು ಹೋಳಾಗುತ್ತದೆ. ಜನ ಚಪ್ಪಾಳೆ ತಟ್ಟುತ್ತಾರೆ. ಹುಡುಗ ಬಾಗಿ ನಮಸ್ಕಾರ ಮಾಡಿ ಹೋಗುತ್ತಾನೆ. ಇಷ್ಟೆಲ್ಲ ಮುಗಿಯಲು ಒಂದು ನಿಮಿಷ ಸಾಕು.

ಕರಾಟೆ, ಟೇಕ್ವಾಂಡೋ ಎಂಬ ವಿದ್ಯೆಗಳು ಈಗ ನಮ್ಮ ಸಣ್ಣ ಊರುಗಳಿಗೂ ಬಂದಿವೆ. ಶಾಲೆಯ ವಾರ್ಷಿಕೋತ್ಸವದಲ್ಲಿ, ಜಾತ್ರೆಯ ವೇದಿಕೆಯ ಮೇಲೆ ಮಕ್ಕಳು ಹಲಗೆ ಒಡೆಯುತ್ತಾರೆ, ಮಂಗಳೂರು ಹಂಚು ಒಡೆಯುತ್ತಾರೆ. ನೋಡಿದವರು ಎರಡು ಮಾತು ಹೇಳುತ್ತಾರೆ. ಕೆಲವರು, ‘ಅಬ್ಬಾ, ಎಂಥ ಶಕ್ತಿ!’ ಅನ್ನುತ್ತಾರೆ. ಇನ್ನು ಕೆಲವರು, ‘ಇದರಲ್ಲಿ ಏನೋ ಕೈಚಳಕ ಇದೆ’ ಅನ್ನುತ್ತಾರೆ. ನಾವು ವಿಚಾರ ಮಾಡಿದಷ್ಟು ಎರಡೂ ಪೂರ್ತಿ ಸರಿಯಲ್ಲ. ಬರೀ ಶಕ್ತಿಯಿಂದ ಹಲಗೆ ಒಡೆಯುವುದಿಲ್ಲ. ಮೂಟೆ ಹೊರುವ ಗಟ್ಟಿ ಆಳು ಮೊದಲ ಸಲ ಹೊಡೆದು ಕೈ ನೋಯಿಸಿಕೊಂಡಾನು. ನಲವತ್ತು ಕಿಲೋ ತೂಗದ ಹುಡುಗಿ ಒಡೆದಾಳು. ಕೈಚಳಕವೂ ಅಲ್ಲ, ಅಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ, ಎಲ್ಲವನ್ನೂ ಹೇಳಿಕೊಡಬಹುದು. ಹಾಗಾದರೆ ಏನದು?

ಮೊದಲು ಅದು ಹುಟ್ಟಿದ ನೆಲಕ್ಕೆ ಹೋಗೋಣ. ಜಪಾನಿನ ದಕ್ಷಿಣಕ್ಕೆ ಸಮುದ್ರದಲ್ಲಿ ಒಕಿನಾವಾ ಎಂಬ ದ್ವೀಪವಿದೆ. ಕರಾಟೆ ಬೆಳೆದದ್ದು ಅಲ್ಲಿ. ಕರಾಟೆ ಎಂದರೆ ಬರಿಗೈ. ಅಲ್ಲಿಯ ಹಿರಿಯರ ಅಂಗಳದಲ್ಲಿ ಹಲಗೆಗಳ ರಾಶಿ ಇರುತ್ತಿರಲಿಲ್ಲ. ಒಂದು ಕಂಬ ಇರುತ್ತಿತ್ತು. ಅದಕ್ಕೆ ಮಕಿವಾರಾ ಎಂದು ಹೆಸರು. ಬುಡ ದಪ್ಪ, ತುದಿ ತೆಳು. ಬುಡವನ್ನು ನೆಲದಲ್ಲಿ ಆಳವಾಗಿ ಹೂಳಿ, ತುದಿಗೆ ಹುಲ್ಲಿನ ಹಗ್ಗ ಸುತ್ತುತ್ತಿದ್ದರು. ಹೊಡೆದರೆ ಕಂಬ ಸ್ವಲ್ಪ ಹಿಂದಕ್ಕೆ ಬಾಗುತ್ತದೆ, ಮತ್ತೆ ಮುಂದಕ್ಕೆ ಬರುತ್ತದೆ. ಬೆಳಿಗ್ಗೆ ಹೊಡೆಯಬೇಕು, ಸಂಜೆ ಹೊಡೆಯಬೇಕು. ಮಳೆಗಾಲ ಬೇಸಿಗೆ ಎನ್ನದೆ ಹೊಡೆಯಬೇಕು. ಒಕಿನಾವಾದ ಶಾಲೆಗಳಿಗೆ ಈ ವಿದ್ಯೆಯನ್ನು ತಂದ ಇಟೋಸು ಅಂಕೋ ಎಂಬ ಹಿರಿಯರು 1908ರಲ್ಲಿ ಹತ್ತು ಸೂಚನೆಗಳನ್ನು ಬರೆದರು. ಅದರಲ್ಲಿ ಈ ಕಂಬದ ಅಭ್ಯಾಸವೂ ಬರುತ್ತದೆ. ಒಂದೊಂದು ಕೈಯಿಂದ ನೂರು ಇನ್ನೂರು ಸಲ ಎಂಬ ಲೆಕ್ಕವೂ ಬರುತ್ತದೆ. ಇದನ್ನು ನೋಡಲು ಯಾರು ಬರುತ್ತಾರೆ? ಯಾರೂ ಬರುವುದಿಲ್ಲ. ಒಬ್ಬ ಮನುಷ್ಯ ಒಂದು ಕಂಬವನ್ನು ದಿನವೂ ಗುದ್ದುತ್ತಾನೆ ಎಂದರೆ ಅದರಲ್ಲಿ ನೋಡುವುದೇನಿದೆ?

ಆದರೆ ದೇಹದ ಒಳಗೆ ಕೆಲಸ ನಡೆದಿರುತ್ತದೆ. ಮೂಳೆ ಕಲ್ಲಿನಂತೆ ಸತ್ತ ವಸ್ತುವಲ್ಲ. ಅದು ಬೆಳೆಯುತ್ತದೆ, ಸವೆಯುತ್ತದೆ. ಯಾವ ಕಡೆಯಿಂದ ಭಾರ ಬೀಳುತ್ತದೆಯೋ ಆ ಕಡೆಗೆ ತನ್ನನ್ನು ಗಟ್ಟಿ ಮಾಡಿಕೊಳ್ಳುತ್ತದೆ. ಇದನ್ನು ಜರ್ಮನಿಯ ವೈದ್ಯ ಯೂಲಿಯಸ್ ವೋಲ್ಫ್ 1892ರಲ್ಲಿ ಗ್ರಂಥರೂಪದಲ್ಲಿ ಮಂಡಿಸಿದರು. ಆದರೆ ಆ ಕೆಲಸಕ್ಕೆ ತಿಂಗಳುಗಳು ಬೇಕು, ವರ್ಷಗಳು ಬೇಕು. ಭಾರ ಹದವಾಗಿರಬೇಕು, ನಡುವೆ ವಿಶ್ರಾಂತಿ ಇರಬೇಕು. ಅವಸರ ಮಾಡಿದರೆ ಮೂಳೆ ಗಟ್ಟಿಯಾಗುವುದಿಲ್ಲ, ಬಿರುಕು ಬಿಡುತ್ತದೆ. ನಮ್ಮ ಗರಡಿಯ ಉಸ್ತಾದರಿಗೆ ಈ ಶಾಸ್ತ್ರದ ಹೆಸರು ಗೊತ್ತಿರಲಿಲ್ಲ, ಹದ ಗೊತ್ತಿತ್ತು. ಹುಡುಗನಿಂದ ಮೊದಲು ಮಣ್ಣು ಅಗೆಸುತ್ತಿದ್ದರು, ಸಾಮು ತೆಗೆಸುತ್ತಿದ್ದರು. ಕುಸ್ತಿ ಆಮೇಲೆ.

ಹಾಗಾದರೆ ಹಲಗೆ ಎಲ್ಲಿಂದ ಬಂತು? ಜಪಾನೀ ಭಾಷೆಯಲ್ಲಿ ಹಲಗೆ ಒಡೆಯುವುದಕ್ಕೆ ತಮೇಶಿವಾರಿ ಅನ್ನುತ್ತಾರೆ. ಪರೀಕ್ಷೆಗಾಗಿ ಒಡೆಯುವುದು ಎಂದು ಅದರ ಅರ್ಥ. ಕೊರಿಯಾದವರು ಕ್ಯೋಕ್ಪಾ ಅನ್ನುತ್ತಾರೆ. ಪರೀಕ್ಷೆ ಎಂಬ ಮಾತನ್ನು ಗಮನಿಸಬೇಕು. ರೈತ ಬೀಜ ಬಿತ್ತುತ್ತಾನೆ, ನೀರು ಹಾಯಿಸುತ್ತಾನೆ, ಕಳೆ ತೆಗೆಯುತ್ತಾನೆ. ಸುಗ್ಗಿಯ ಮುಂಚೆ ಒಂದು ತೆನೆ ಮುರಿದು, ಅಂಗೈಯಲ್ಲಿ ತಿಕ್ಕಿ, ಕಾಳು ಬಲಿತಿದೆಯೋ ಇಲ್ಲವೋ ನೋಡುತ್ತಾನೆ. ಹೊಲದ ತೆನೆಯನ್ನೆಲ್ಲ ದಿನವೂ ಮುರಿದು ನೋಡುತ್ತ ಕುಳಿತರೆ ಅದು ಒಕ್ಕಲುತನವಲ್ಲ. ಹಲಗೆ ಎಂಬುದು ಆ ಒಂದು ತೆನೆ.

ಫುನಾಕೋಶಿ ಗಿಚಿನ್ ಎಂಬ ಶಾಲಾ ಮಾಸ್ತರರು 1922ರಲ್ಲಿ ಈ ವಿದ್ಯೆಯನ್ನು ಒಕಿನಾವಾದಿಂದ ಟೋಕಿಯೋಕ್ಕೆ ಒಯ್ದು ತೋರಿಸಿದರು. ಇಂದು ಜಗತ್ತಿನ ತುಂಬ ಕರಾಟೆ ಹಬ್ಬಿದ್ದರಲ್ಲಿ ಅವರ ಪಾಲು ದೊಡ್ಡದು. ಇಷ್ಟು ಹಲಗೆ ಒಡೆದೆ, ಇಷ್ಟು ಹಂಚು ಒಡೆದೆ ಎಂದು ಹೇಳಿಕೊಂಡು ತಿರುಗುವವರ ವಿಷಯದಲ್ಲಿ ಅವರಿಗೆ ಸ್ವಲ್ಪವೂ ಮೆಚ್ಚಿಗೆ ಇರಲಿಲ್ಲ. ಅದು ವಿದ್ಯೆಯ ಬುಡವಲ್ಲ, ತುದಿ ಎಂಬುದು ಅವರ ಎಣಿಕೆ. ಅವರು 1957ರಲ್ಲಿ ತೀರಿಕೊಂಡರು. ಅಷ್ಟರಲ್ಲಿ ಗಾಳಿ ಬೇರೆ ಕಡೆಗೆ ಬೀಸತೊಡಗಿತ್ತು. ಕೊರಿಯಾದಲ್ಲಿ ಹುಟ್ಟಿ ಜಪಾನಿನಲ್ಲಿ ನೆಲೆಸಿದ ಒಯಾಮಾ ಮಾಸುತಾತ್ಸು ಎಂಬ ಸಾಹಸಿ 1952ರಲ್ಲಿ ಅಮೆರಿಕೆಗೆ ಹೋಗಿ ಊರೂರಿನಲ್ಲಿ ಹಲಗೆ, ಇಟ್ಟಿಗೆ, ಕಲ್ಲು ಒಡೆದು ತೋರಿಸಿದರು. ಜನ ಬೆರಗಾದರು. ಅವರು 1964ರಲ್ಲಿ ಕಟ್ಟಿದ ಕ್ಯೋಕುಶಿನ್ ಪಂಥದ ಪಂದ್ಯಗಳಲ್ಲಿ ಒಂದು ನಿಯಮ ಬಂತು. ಕುಸ್ತಿ ಸಮವಾಗಿ, ಇಬ್ಬರ ತೂಕದಲ್ಲೂ ಹೆಚ್ಚಿನ ಅಂತರ ಇಲ್ಲದಿದ್ದರೆ, ಯಾರು ಹೆಚ್ಚು ಹಲಗೆ ಒಡೆದಿದ್ದಾರೋ ಅವರು ಗೆದ್ದಂತೆ. ಒಯಾಮಾ ಅವರನ್ನು ನಾವು ಹಗುರವಾಗಿ ಕಾಣುವುದಿಲ್ಲ. ಬೆಟ್ಟದಲ್ಲಿ ಒಬ್ಬರೇ ಉಳಿದು ಸಾಧನೆ ಮಾಡಿದವರು ಅವರು. ಆದರೆ ಅವರ ಬೆಟ್ಟವನ್ನು ಜನ ನೋಡಲಿಲ್ಲ, ಒಡೆದ ಇಟ್ಟಿಗೆಯನ್ನು ನೋಡಿದರು. ನೋಡಿದ್ದನ್ನೇ ಅನುಕರಣೆ ಮಾಡಿದರು. ಇನ್ನೊಂದು ಸಂಗತಿ ಹೇಳಬೇಕು. ಟೇಕ್ವಾಂಡೋ 2000ದ ಸಿಡ್ನಿ ಒಲಿಂಪಿಕ್ಸಿನಿಂದ ಪದಕದ ಆಟವಾಗಿದೆ. ಆ ಪಂದ್ಯದಲ್ಲಿ ಒಂದು ಹಲಗೆಯನ್ನೂ ಒಡೆಯುವುದಿಲ್ಲ.

ಈಗ ಹಲಗೆಯನ್ನೇ ಕೈಗೆ ತೆಗೆದುಕೊಂಡು ನೋಡೋಣ. ಇಲ್ಲಿ ಕುಳಿತವರಲ್ಲಿ ಬಡಿಗರಿದ್ದಾರೆ, ಕಟ್ಟಿಗೆ ಸೀಳಿದ ರೈತರಿದ್ದಾರೆ. ನಿಮಗೆ ನಾವು ಹೇಳಬೇಕಾದ್ದಿಲ್ಲ. ಮರಕ್ಕೆ ಎಳೆ ಇದೆ. ಎಳೆಯ ಗುಂಟ ಕೊಡಲಿ ಬಿದ್ದರೆ ತುಂಡು ಹಗುರಾಗಿ ಸೀಳುತ್ತದೆ. ಎಳೆಗೆ ಅಡ್ಡಲಾಗಿ ಬಿದ್ದರೆ ಕೊಡಲಿಯೇ ಸಿಕ್ಕಿಕೊಳ್ಳುತ್ತದೆ. ಎಳೆಯುದ್ದಕ್ಕೂ ಜಗ್ಗಿದರೆ ಮರ ಬಹಳ ಗಟ್ಟಿ. ಎಳೆಯಿಂದ ಎಳೆಯನ್ನು ಬೇರೆ ಮಾಡಲು ಅದರ ಹತ್ತರಲ್ಲೊಂದು ಪಾಲು ಬಲವೂ ಬೇಡ. ಹಲಗೆ ಒಡೆಯುವವರು ಎಳೆ ನೋಡಿಯೇ ಹಲಗೆ ಕತ್ತರಿಸುತ್ತಾರೆ, ಎಳೆ ನೋಡಿಯೇ ಹಿಡಿಯುತ್ತಾರೆ. ಹಿಡಿದವರಿಬ್ಬರ ಕೈಗಳು ಯಾವ ಎರಡು ಅಂಚಿನ ಮೇಲೆ ಇವೆಯೋ ಆ ಅಂಚುಗಳ ಗುಂಟವೇ ಎಳೆ ಓಡಬೇಕು. ಆಗ ಏಟು ಎಳೆಗಳ ನಡುವಿನ ಸಂದಿಗೆ ಬೀಳುತ್ತದೆ. ಅದೇ ಹಲಗೆಯನ್ನು ಕಾಲು ಸುತ್ತು ತಿರುಗಿಸಿ ಹಿಡಿಯಿರಿ. ಅದೇ ಕೈ, ಅದೇ ಮರ, ಈಗ ಒಡೆಯುವುದಿಲ್ಲ.

ಇದು ಮೋಸವೇ? ಅಲ್ಲ. ಎಳೆ ತಿಳಿದು ಹೊಡೆಯುವುದು ತಿಳಿವಳಿಕೆ. ಮೋಸ ಬೇರೆಯೇ ಇದೆ. ಹಲಗೆಯನ್ನು ಒಲೆಯ ಬಿಸಿಯಲ್ಲಿ ಒಣಗಿಸಿ ಗರಿಗರಿ ಮಾಡಿ ತರುವವರಿದ್ದಾರೆ. ಹಿಂಬದಿಯಲ್ಲಿ ಗರಗಸದಿಂದ ಗೀರು ಹಾಕಿ ತರುವವರಿದ್ದಾರೆ. ಹತ್ತು ಹಂಚು ಪೇರಿಸಿ ನಡುನಡುವೆ ಸಣ್ಣ ಕಡ್ಡಿ ಇಡುತ್ತಾರೆ. ಆಗ ಮೇಲಿನದು ಒಡೆದು ಕೆಳಗಿನದರ ಮೇಲೆ ಬೀಳುತ್ತದೆ, ಅದು ಅದರ ಕೆಳಗಿನದರ ಮೇಲೆ. ಕಡ್ಡಿ ತೆಗೆದು ಹತ್ತನ್ನೂ ಒತ್ತಾಗಿ ಇಟ್ಟರೆ ಲೆಕ್ಕವೇ ಬೇರೆ. ದೊಡ್ಡವರು ತಿಳಿದು ಮಾಡಿದರೆ ಅದೊಂದು ಆಟ ಎನ್ನೋಣ. ಆದರೆ ಗೀರು ಹಾಕಿದ ಹಲಗೆಯನ್ನು ಮಗುವಿನ ಕೈಗೆ ಕೊಟ್ಟು, ‘ನೋಡು, ನೀನು ಎಷ್ಟು ಶೂರ’ ಎಂದರೆ? ಆ ಮಗು ಅದನ್ನು ನಂಬುತ್ತದೆ. ನಂಬಿ ನಾಳೆ ಎಲ್ಲಿಯೋ ಒಂದು ಗೀರಿಲ್ಲದ ಹಲಗೆಯನ್ನು ಹೊಡೆಯುತ್ತದೆ.

ಇನ್ನು ಏಟಿನ ಮಾತು. ಅಮೆರಿಕೆಯ ಮೆಸಾಚುಸೆಟ್ಸ್ ತಾಂತ್ರಿಕ ವಿದ್ಯಾಸಂಸ್ಥೆಯಲ್ಲಿ ಮೈಕೆಲ್ ಫೆಲ್ಡ್ ಎಂಬ ಭೌತವಿಜ್ಞಾನಿ ಇದ್ದರು. ಅವರೂ ಕರಾಟೆ ಕಲಿತವರು. ಅವರು, ರೊನಾಲ್ಡ್ ಮೆಕ್‌ನೇರ್, ಸ್ಟೀಫನ್ ವಿಲ್ಕ್ ಮೂವರೂ ಸೇರಿ ಈ ಹಲಗೆಯ ಪ್ರಶ್ನೆಯನ್ನು ಪ್ರಯೋಗಕ್ಕೆ ಹಚ್ಚಿದರು. ಮಿನುಗುವ ದೀಪ ಇಟ್ಟು ಕೈಯ ಚಲನೆಯ ಚಿತ್ರ ತೆಗೆದರು. ಕಂಡದ್ದನ್ನು 1979ರ ಏಪ್ರಿಲ್‌ನಲ್ಲಿ ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯಲ್ಲಿ ಪ್ರಕಟಿಸಿದರು.

ಇವರಲ್ಲಿ ಮೆಕ್‌ನೇರ್ ಅವರ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲು ನಮಗೆ ಮನಸ್ಸಿಲ್ಲ. ಅಮೆರಿಕೆಯ ದಕ್ಷಿಣ ಕೆರೊಲಿನಾದ ಲೇಕ್ ಸಿಟಿ ಎಂಬ ಸಣ್ಣ ಊರಿನ ಕರಿಯ ಮನೆತನದ ಹುಡುಗ. 1959ರಲ್ಲಿ, ಒಂಬತ್ತು ವರ್ಷದವನಿದ್ದಾಗ, ಊರಿನ ಗ್ರಂಥಾಲಯಕ್ಕೆ ಹೋಗಿ ವಿಜ್ಞಾನದ ಪುಸ್ತಕ ಕೇಳಿದ. ಅದು ಬಿಳಿಯರಿಗೆ ಮಾತ್ರ, ನೀನು ಹೋಗು ಎಂದರು. ಹುಡುಗ ಹೋಗಲಿಲ್ಲ. ಪೊಲೀಸರನ್ನು ಕರೆಸಿದರು. ಹುಡುಗ ಅಲ್ಲಿಯೇ ಕುಳಿತಿದ್ದ. ಕೊನೆಗೆ ಪುಸ್ತಕ ತೆಗೆದುಕೊಂಡೇ ಮನೆಗೆ ಹೋದ. ಮುಂದೆ ಲೇಸರ್ ಕಿರಣದ ವಿಷಯದಲ್ಲಿ 1976ರಲ್ಲಿ ಡಾಕ್ಟರೇಟ್ ಪಡೆದ, ಕರಾಟೆಯಲ್ಲಿ ಕಪ್ಪು ಪಟ್ಟಿಯ ಐದನೆಯ ಮೆಟ್ಟಿಲು ಏರಿದ, 1984ರಲ್ಲಿ ಆಕಾಶಯಾನ ಮಾಡಿದ. 1986ರ ಜನವರಿ 28ರಂದು ಚಾಲೆಂಜರ್ ನೌಕೆ ಆಕಾಶದಲ್ಲಿ ಛಿದ್ರವಾಯಿತಲ್ಲ, ಅದರಲ್ಲಿದ್ದ ಏಳು ಜನರಲ್ಲಿ ಆತನೂ ಒಬ್ಬ. ಪುಸ್ತಕ ಕೊಡಲೊಲ್ಲದ ಆ ಕಟ್ಟಡಕ್ಕೆ ಇಂದು ಆತನದೇ ಹೆಸರಿದೆ. ಹಲಗೆ ಒಡೆದು ಚಪ್ಪಾಳೆ ತೆಗೆದುಕೊಂಡವರು ಬಹಳ ಜನ. ಒಡೆದ ಮೇಲೆ, ಇದು ಯಾಕೆ ಒಡೆಯಿತು ಎಂದು ಕೂತು ಲೆಕ್ಕ ಹಾಕಿದವರು ಇಂಥ ಕೆಲವರು.

ಆ ಲೆಕ್ಕ ಏನು ಹೇಳುತ್ತದೆ? ಹೊಸದಾಗಿ ಕಲಿಯುವವನ ಕೈ ಸೆಕೆಂಡಿಗೆ ಸುಮಾರು 6 ಮೀಟರ್ ವೇಗದಲ್ಲಿ ಬರುತ್ತದೆ. ಒಂದು ಅಂಗುಲದ ಹಲಗೆಗೆ ಅಷ್ಟು ಸಾಕು. ನುರಿತವನ ಕೈ ಸುಮಾರು 14 ಮೀಟರ್ ವೇಗದಲ್ಲಿ ಬರುತ್ತದೆ. ವೇಗ ಎರಡು ಪಟ್ಟಾದರೆ ಏಟಿನ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಆದ್ದರಿಂದಲೇ ದಪ್ಪ ತೋಳಿನವನಿಗಿಂತ ಸಡಿಲ ತೋಳಿನವನು ಇಲ್ಲಿ ಮುಂದಾಗುತ್ತಾನೆ. ಹೊಡೆಯುವ ಮೊದಲೇ ತೋಳನ್ನೆಲ್ಲ ಬಿಗಿ ಹಿಡಿದವನ ಕೈ ವೇಗ ಪಡೆಯುವುದಿಲ್ಲ. ಸಿಟ್ಟಿನಿಂದ ಹೊಡೆಯುವವನ ಕೈ ಇಂಥದೇ. ಸಿಟ್ಟು ತೋಳನ್ನು ಬಿಗಿ ಮಾಡುತ್ತದೆ.

ಎರಡನೆಯ ಸಂಗತಿ ಇನ್ನೂ ವಿಚಾರ ಮಾಡುವಂಥದ್ದು. ಚಾಚಿದ ಕೈಗೆ ಎಲ್ಲಿ ಅತಿ ಹೆಚ್ಚು ವೇಗ ಇರುತ್ತದೆ? ಪೂರ್ತಿ ಚಾಚಿದಾಗ ಎಂದು ನಾವು ತಿಳಿಯುತ್ತೇವೆ. ಹಾಗಿಲ್ಲ. ನೂರರಲ್ಲಿ 80 ಪಾಲು ಚಾಚಿದಾಗ ಇರುತ್ತದೆ. ಆಮೇಲೆ ಕೈ ತಾನಾಗಿಯೇ ನಿಲ್ಲುವ ಸಿದ್ಧತೆ ಮಾಡುತ್ತದೆ, ವೇಗ ಇಳಿಯುತ್ತದೆ. ಅಂದರೆ ಹಲಗೆಯ ಮುಖವನ್ನೇ ಗುರಿ ಮಾಡಿ ಹೊಡೆದವನ ಕೈ ಹಲಗೆ ಮುಟ್ಟುವಷ್ಟರಲ್ಲಿ ಆಗಲೇ ನಿಂತುಹೋಗುತ್ತಿರುತ್ತದೆ! ಹಲಗೆಯಿಂದ ಒಂದು ಗೇಣು ಆಚೆಗೆ ಗುರಿ ಇಟ್ಟವನ ಕೈ ಹಲಗೆ ಸಿಗುವಾಗ ತುಂಬು ವೇಗದಲ್ಲಿ ಇರುತ್ತದೆ. ಕರಾಟೆ ಗುರುಗಳು ಹಲಗೆಯ ಆಚೆ ನೋಡು, ಹಲಗೆಯನ್ನು ನೋಡಬೇಡ ಎಂದು ಹೇಳುತ್ತ ಬಂದಿದ್ದರು. ಏನೋ ಗೂಢ ಮಾತು ಎಂದು ಶಿಷ್ಯರು ಕೇಳಿಸಿಕೊಳ್ಳುತ್ತಿದ್ದರು. ದೀಪ ಇಟ್ಟು ಚಿತ್ರ ತೆಗೆದರೆ ಅದು ಬರಿಯ ಅಳತೆಯ ಮಾತಾಗಿತ್ತು.

ಮೂರನೆಯದು, ಹಲಗೆ ಒಡೆಯುವ ಬಗೆ. ಎರಡು ಅಂಚು ಹಿಡಿದ ಹಲಗೆಯ ನಡುವೆ ಏಟು ಬಿದ್ದಾಗ ಹಲಗೆ ಬಾಗುತ್ತದೆ. ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಆಗ ಏಟು ಬಿದ್ದ ಮುಖ ಅದುಮಿಕೊಳ್ಳುತ್ತದೆ, ಆಚೆಯ ಮುಖ ಹಿಗ್ಗುತ್ತದೆ. ಅದುಮಿದರೆ ತಾಳಿಕೊಳ್ಳುವ ವಸ್ತು, ಹಿಗ್ಗಿಸಿದರೆ ತಾಳುವುದಿಲ್ಲ. ಆದ್ದರಿಂದ ಬಿರುಕು ಹುಟ್ಟುವುದು ಕೈ ಮುಟ್ಟಿದ ಮುಖದಲ್ಲಿ ಅಲ್ಲ. ಕೈ ಎಂದೂ ಮುಟ್ಟದ ಆಚೆಯ ಮುಖದಲ್ಲಿ ಹುಟ್ಟಿ ಈಚೆಗೆ ಓಡಿ ಬರುತ್ತದೆ. ಕಾಂಕ್ರೀಟಿನ ಬಿಲ್ಲೆಯಲ್ಲೂ ಇದೇ ಕಥೆ. ಇದೆಲ್ಲ ನಡೆಯುವುದು ಸೆಕೆಂಡಿನ ಸಾವಿರ ಪಾಲಿನಲ್ಲಿ ಕೆಲವೇ ಪಾಲಿನಷ್ಟು ಹೊತ್ತಿನಲ್ಲಿ.

ಈಗ ಒಬ್ಬ ಹುಡುಗ ಹೊಡೆದ, ಹಲಗೆ ಒಡೆಯಲಿಲ್ಲ ಎಂದು ತಿಳಿಯಿರಿ. ಹಲಗೆಗೇನು ಕೈಯಿದೆಯೇ ತಿರುಗಿ ಹೊಡೆಯಲು ಎಂದು ಕೇಳುವವರಿದ್ದಾರೆ. ಇದೆ. ಒಡೆದ ಹಲಗೆ ಏಟಿನ ಶಕ್ತಿಯನ್ನು ತನ್ನ ಜೊತೆ ಒಯ್ಯುತ್ತದೆ. ಕೈ ಆಚೆಗೆ ಹೋಗಿ ಮೆತ್ತಗೆ ನಿಲ್ಲುತ್ತದೆ. ಒಡೆಯದ ಹಲಗೆ ಆ ಶಕ್ತಿಯನ್ನೆಲ್ಲ ಕೈಗೇ ತಿರುಗಿಸಿ ಕೊಡುತ್ತದೆ. ನೋವಾಗುವುದು ಒಡೆದವನಿಗೆ ಅಲ್ಲ, ಒಡೆಯಲಾರದವನಿಗೆ. ಹೆದರಿ ಕೊನೆಯ ಕ್ಷಣದಲ್ಲಿ ಕೈ ಹಿಡಿದವನಿಗೆ. ಮುಂದಿನ ಸಲ ಅವನು ಇನ್ನೂ ಹೆದರುತ್ತಾನೆ, ಇನ್ನೂ ಮೊದಲೇ ಕೈ ಹಿಡಿಯುತ್ತಾನೆ, ಇನ್ನೂ ನೋಯುತ್ತದೆ. ಈ ಸುಳಿಯಿಂದ ಮಗುವನ್ನು ಹೊರಗೆ ತರುವುದು ಗುರುವಿನ ಕೆಲಸ. ‘ಧೈರ್ಯ ಮಾಡು, ಧೈರ್ಯ ಮಾಡು’ ಎಂದು ಕೂಗಿದರೆ ಆಗುವ ಕೆಲಸ ಅದಲ್ಲ.

ಒಂದು ಪಟ್ಟಣದ ಶಾಲೆಯಲ್ಲಿ ನಾವು ಕಂಡದ್ದನ್ನು ಹೇಳುತ್ತೇವೆ. ಹದಿಮೂರು ವರ್ಷದ ಒಬ್ಬ ಹುಡುಗಿ. ಅಂಗೈಯ ಬುಡದಿಂದ ಹಲಗೆ ಒಡೆಯುವ ಪಾಠ. ಅವಳಿಗಿಂತ ಮೊದಲು ಆರು ಜನ ಒಡೆದಿದ್ದರು. ಇವಳು ಒಂದು ಸಲ ಹೊಡೆದಳು, ಒಡೆಯಲಿಲ್ಲ. ಎರಡನೆಯ ಸಲ ಹೊಡೆದಳು, ಒಡೆಯಲಿಲ್ಲ. ಹಿಂದೆ ಕುಳಿತ ಹುಡುಗರಲ್ಲಿ ಒಬ್ಬ ನಕ್ಕ. ಮೂರನೆಯ ಸಲ ಅವಳ ಕೈ ಹಲಗೆಯ ಹತ್ತಿರ ಬಂದು ಬಡಿದಂತೆ ಮಾಡಿ ಹಿಂದಕ್ಕೆ ಹೋಯಿತು. ಅಂಗೈ ಕೆಂಪಾಗಿತ್ತು. ಕಣ್ಣು ತುಂಬಿತ್ತು. ಗುರು ಆಗ ಹಲಗೆಯನ್ನು ತಮ್ಮ ಕೈಗೆ ತೆಗೆದುಕೊಂಡರು. ಬೆಳಕಿಗೆ ಹಿಡಿದು, ಬೆರಳಿಂದ ಸವರಿ ನೋಡಿದರು. ನಡುವಿಗೆ ಹತ್ತಿರ ಒಂದು ಗಂಟು ಇತ್ತು. ಮರದ ಗಂಟು ಗೊತ್ತಲ್ಲ, ಟೊಂಗೆ ಹುಟ್ಟಿದ ಜಾಗ. ಅಲ್ಲಿ ಎಳೆ ನೆಟ್ಟಗೆ ಓಡುವುದಿಲ್ಲ, ಸುತ್ತಿಕೊಂಡಿರುತ್ತದೆ. ಅವರು ಎಲ್ಲ ಮಕ್ಕಳಿಗೂ ಕೇಳುವಂತೆ ಹೇಳಿದರು: ‘ಇದರಾಗ ಗಂಟು ಐತಿ. ನೋಡದ ಕೊಟ್ಟಿದ್ದು ನನ್ನ ತಪ್ಪು. ಈ ಹಲಗಿ ನಾ ಹೊಡದರೂ ಕಷ್ಟನ.’ ನಕ್ಕ ಹುಡುಗ ತಲೆ ತಗ್ಗಿಸಿದ.

ಅಷ್ಟಕ್ಕೆ ಬಿಡಲಿಲ್ಲ. ‘ತಂಗೀ, ಹೊಡಿಯೋವಾಗ ನೀ ಏನ್ ನೋಡ್ತಿದ್ದಿ?’ ಎಂದು ಕೇಳಿದರು. ‘ಹಲಗೀ ನೋಡ್ತಿದ್ದೆ ಸರ್’ ಎಂದಳು. ‘ಹಲಗಿ ಹಿಂದ ಏನೈತಿ?’ ಹುಡುಗಿ ಸುಮ್ಮನೆ ನಿಂತಳು. ಅವಳು ಅದನ್ನು ನೋಡಿಯೇ ಇರಲಿಲ್ಲ. ಗುರು ಹಲಗೆ ಹಿಡಿದವರನ್ನು ಕೂರಿಸಿ, ಹಲಗೆ ಇದ್ದ ಜಾಗದಿಂದ ಒಂದು ಗೇಣು ಹಿಂದೆ ತಮ್ಮ ಅಂಗೈ ಚಾಚಿ ನಿಂತರು. ನಡುವೆ ಬರಿಯ ಗಾಳಿ. ‘ನನ್ನ ಕೈ ಮುಟ್ಟು’ ಎಂದರು. ಮುಟ್ಟಿದಳು. ಹತ್ತು ಸಲ, ಇಪ್ಪತ್ತು ಸಲ. ಕೈ ಸಡಿಲಾಯಿತು, ವೇಗ ಬಂತು. ನಮ್ಮ ಪಕ್ಕದಲ್ಲಿ ಕುಳಿತ ಹಿರಿಯರೊಬ್ಬರು, ‘ಈಗ ಒಳ್ಳೇ ಹಲಗಿ ಕೊಡ್ರಿ, ಒಡೀತಾಳ’ ಎಂದರು. ಗುರು ಕೊಡಲಿಲ್ಲ. ‘ಇವತ್ತ ಕೈ ಬಾತೈತ್ರಿ. ಬರೋ ವಾರ ನೋಡೋಣ’ ಎಂದರು. ನಮಗೆ ಆ ‘ಕೊಡಲಿಲ್ಲ’ ಎಂಬುದು ಅಂದಿನ ಹಲಗೆಗಳಿಗಿಂತ ದೊಡ್ಡದಾಗಿ ಕಂಡಿತು. ಅಷ್ಟು ಜನರ ಮುಂದೆ, ಚಪ್ಪಾಳೆ ಕೈಗೆ ಎಟಕುವಂತಿರುವಾಗ ಬೇಡ ಎನ್ನುವುದು ಸಣ್ಣ ಮಾತಲ್ಲ. ಮುಂದಿನ ವಾರ ಅವಳು ಒಡೆದಳು ಎಂದು ಆಮೇಲೆ ಕೇಳಿದೆವು. ಒಡೆಯುವಾಗ ನೋಡಲು ನಾವು ಅಲ್ಲಿರಲಿಲ್ಲ.

ಇನ್ನೊಂದು ಊರು. ಹೆಸರು ಬೇಡ. ಅಲ್ಲಿಯೂ ಒಬ್ಬರು ಕಲಿಸುತ್ತಿದ್ದರು. ಉತ್ಸವಕ್ಕೆ ಹತ್ತು ದಿನ ಇತ್ತು. ವೇದಿಕೆಯ ಮೇಲೆ ಏನಾದರೂ ಭರ್ಜರಿ ಆಗಬೇಕು ಎಂದು ಊರ ಪ್ರಮುಖರು ಕೇಳಿದರು. ಮೂರು ತಿಂಗಳು ಕಲಿತ ಒಬ್ಬ ಹುಡುಗನಿಗೆ ಮುಷ್ಟಿಯಿಂದ ಹಂಚು ಒಡೆಯಲು ಹೇಳಿದರು. ಮುಷ್ಟಿಯಲ್ಲಿ ಹೊಡೆಯಬೇಕಾದ್ದು ತೋರುಬೆರಳು, ನಡುಬೆರಳಿನ ಗೆಣ್ಣುಗಳಿಂದ. ಅವುಗಳ ಹಿಂದಿನ ಮೂಳೆಗಳು ಮಣಿಕಟ್ಟಿಗೆ ನೆಟ್ಟಗೆ ಸೇರುತ್ತವೆ, ಭಾರ ಹೊರುತ್ತವೆ. ಆ ಹುಡುಗನ ಕೈ ಓರೆಯಾಗಿ ಬಿತ್ತು. ಕಿರುಬೆರಳಿನ ಗೆಣ್ಣು ಮೊದಲು ತಾಗಿತು. ಅದರ ಹಿಂದಿನ ಮೂಳೆ ಸಣ್ಣದು, ಕತ್ತಿನಂಥ ಜಾಗದಲ್ಲಿ ಮುರಿಯುತ್ತದೆ. ಮುಷ್ಟಿಯುದ್ಧದವರ ಹೆಸರಿನಿಂದಲೇ ವೈದ್ಯರು ಆ ಮುರಿತವನ್ನು ಕರೆಯುತ್ತಾರೆ, ಅಷ್ಟು ಸಾಮಾನ್ಯ ಅದು. ಹಂಚು ಒಡೆಯಿತು, ಮೂಳೆಯೂ ಮುರಿಯಿತು. ಹುಡುಗ ನಗುತ್ತ ನಮಸ್ಕಾರ ಮಾಡಿ ವೇದಿಕೆ ಇಳಿದ. ನೋವು ತೋರಿಸಬಾರದು ಎಂದು ಅವನಿಗೆ ಹೇಳಿಕೊಟ್ಟಿದ್ದರು. ಮೂರು ದಿನ ಮನೆಯಲ್ಲಿ ಹೇಳಲಿಲ್ಲ. ನಾಲ್ಕನೆಯ ದಿನ ಊಟಕ್ಕೆ ಕುಳಿತಾಗ ಎಡಗೈಯಲ್ಲಿ ರೊಟ್ಟಿ ಮುರಿಯುವುದನ್ನು ತಾಯಿ ನೋಡಿದಳು.

ನೋವು ತೋರಿಸಬಾರದು ಎಂಬ ಪಾಠವನ್ನು ನಾವು ಒಪ್ಪುವುದಿಲ್ಲ. ನೋವು ದೇಹ ಆಡುವ ಮಾತು. ನೋವನ್ನು ತಾಳುವುದು ಬೇರೆ, ಮುಚ್ಚುವುದು ಬೇರೆ. ಮೂಳೆ ಕಾಂಕ್ರೀಟಿಗಿಂತ ಸುಮಾರು 40 ಪಟ್ಟು ಒತ್ತಡ ತಾಳಬಲ್ಲದು ಎಂದು ಆ ವಿಜ್ಞಾನಿಗಳ ಲೆಕ್ಕದಲ್ಲಿಯೇ ಇದೆ. ಅದನ್ನು ಓದಿ ಕೆಲವರು ಎದೆ ಉಬ್ಬಿಸುತ್ತಾರೆ. ಆದರೆ ಅದು ಬೆಳೆದ ಮೂಳೆ, ನೆಟ್ಟಗೆ ಬಿದ್ದ ಭಾರ. ಮಕ್ಕಳ ಮೂಳೆಯ ತುದಿಗಳಲ್ಲಿ ಬೆಳೆಯುವ ಜಾಗ ಇನ್ನೂ ಮೆತ್ತಗಿರುತ್ತದೆ. ಅಲ್ಲಿ ಪೆಟ್ಟಾದರೆ ಆ ಮೂಳೆ ಮುಂದೆ ಸರಿಯಾಗಿ ಬೆಳೆಯದೆ ಹೋಗಬಹುದು. ಇದನ್ನು ತಂದೆತಾಯಿಗಳು ತಿಳಿದಿರಬೇಕು. ತಲೆಯಿಂದ ಹಂಚು ಒಡೆಸುವುದು, ಕೊಳವೆ ದೀಪವನ್ನು ಮೈಮೇಲೆ ಒಡೆಯುವುದು ಇವೆಲ್ಲ ವಿದ್ಯೆಯಲ್ಲವೇ ಅಲ್ಲ. ಕೊಳವೆ ದೀಪದೊಳಗೆ ಪಾದರಸ ಇರುತ್ತದೆ; ಚೂರು ಗಾಜು ಕಣ್ಣಿಗೆ ಹಾರುತ್ತದೆ. ಅದನ್ನು ನೋಡಿ ಚಪ್ಪಾಳೆ ತಟ್ಟುವ ಕೈಗಳೂ ಆ ಮಗುವಿನ ಗಾಯದಲ್ಲಿ ಪಾಲುಗಾರರು ಎಂದು ನಾವು ನೇರವಾಗಿ ಹೇಳುತ್ತೇವೆ.

ಹಲಗೆ ಹಿಡಿಯುವವರ ಮಾತು ಉಳಿಯಿತು. ಅವರ ಬಗ್ಗೆ ಯಾರೂ ಮಾತನಾಡುವುದಿಲ್ಲ. ಹಲಗೆ ಹಿಡಿಯುವುದು ಒಡೆಯುವುದಕ್ಕಿಂತ ಹಗುರಿನ ಕೆಲಸವಲ್ಲ. ಮೊಣಕೈ ನೆಟ್ಟಗೆ ಚಾಚಿ ಬಿಗಿಯಬೇಕು. ಒಂದು ಕಾಲು ಹಿಂದೆ ಊರಿ ನಿಲ್ಲಬೇಕು. ಅಂಗೈಯ ಬುಡ ಹಲಗೆಯ ಹಿಂಬದಿಗೆ, ಬೆರಳು ಅಂಚಿಗೆ. ಹೊಡೆಯುವ ಮುಖದ ಮೇಲೆ ಬೆರಳು ಹರಡಬಾರದು. ಮುಖವನ್ನು ಪಕ್ಕಕ್ಕೆ ತಿರುಗಿಸಿಕೊಳ್ಳಬೇಕು, ಚೂರು ಹಾರುತ್ತದೆ. ಏಟು ಬೀಳುವಾಗ ಹಿಡಿದವನು ಹೆದರಿ ಒಂದು ಅಂಗುಲ ಹಿಂದೆ ಸರಿದರೆ ಹಲಗೆ ಅವನ ಜೊತೆ ಹಿಂದೆ ಹೋಗುತ್ತದೆ, ಬಾಗುವುದಿಲ್ಲ, ಒಡೆಯುವುದಿಲ್ಲ. ನೋವು ಹೊಡೆದವನಿಗೆ. ಹೊಡೆಯುವವನ ಕೈಯ ಕ್ಷೇಮ ಹೀಗೆ ಇನ್ನಿಬ್ಬರ ಕೈಯಲ್ಲಿ ಇರುತ್ತದೆ. ತಿಳಿದ ಗುರುಗಳು ಮೊದಲು ಹಿಡಿಯುವುದನ್ನು ಕಲಿಸುತ್ತಾರೆ, ಆಮೇಲೆ ಒಡೆಯುವುದನ್ನು. ಹಲಗೆ ಹಿಡಿಯಲು ಬಾರದವನಿಗೆ ಒಡೆಯಲು ಹಲಗೆ ಇಲ್ಲ ಎಂದು ನಿಯಮ ಮಾಡಿದರೆ ಇನ್ನೂ ಒಳ್ಳೆಯದು.

ಮೊನ್ನೆ ಒಬ್ಬ ತಂದೆ ನಮ್ಮ ಬಳಿ ಬಂದಿದ್ದರು. ‘ಅಪ್ಪಾರ, ಮೂರು ತಿಂಗಳಾತು ಫೀ ಕಟ್ಟಾಕ ಹತ್ತಿ. ನಮ್ಮ ಹುಡುಗ ಇನ್ನೂ ಒಂದ ಹಲಗೀನೂ ಒಡದಿಲ್ರಿ. ಆ ಗುರುಗಳಿಗೆ ನೀವರ ಒಂದ ಮಾತ ಹೇಳ್ರಿ’ ಎಂದರು. ‘ಹುಡುಗ ಏನು ಕಲಿತಿದ್ದಾನೆ?’ ಎಂದು ಕೇಳಿದೆವು. ‘ಬರೇ ನಿಲ್ಲೋದು, ಉಸಿರಾಡೋದು, ಮುಷ್ಟಿ ಕಟ್ಟೋದು ಕಲ್ತಾನ್ರಿ’ ಎಂದರು. ಹುಡುಗನನ್ನು ಕರೆದು ಮುಷ್ಟಿ ಕಟ್ಟಿ ತೋರಿಸಲು ಹೇಳಿದೆವು. ಕಟ್ಟಿದ. ಹೆಬ್ಬೆರಳು ಹೊರಗೆ, ಎರಡು ಗೆಣ್ಣು ಮುಂದೆ, ಮಣಿಕಟ್ಟು ನೆಟ್ಟಗೆ. ‘ನಿನಗೆ ಹಲಗೆ ಒಡೆಯಬೇಕು ಎನಿಸುತ್ತದೆಯೇ?’ ಎಂದೆವು. ‘ಹೂನ್ರಿ’ ಎಂದ. ‘ಹೆದರಿಕೆ?’ ‘ಅದೂ ಐತ್ರಿ’ ಎಂದ. ಎರಡನ್ನೂ ಮುಚ್ಚದೆ ಹೇಳಿದ ಹುಡುಗನ ಬಗ್ಗೆ ನಮಗೆ ಯಾವ ಚಿಂತೆಯೂ ಆಗಲಿಲ್ಲ. ಗುರುಗಳಿಗೆ ನಾವು ಏನೂ ಹೇಳುವುದಿಲ್ಲ ಎಂದು ತಂದೆಗೆ ಹೇಳಿ ಕಳಿಸಿದೆವು. ಹೋಗುವಾಗ ಅವರಿಗೆ ಅಷ್ಟು ಸಮಾಧಾನ ಆದಂತೆ ಕಾಣಲಿಲ್ಲ.

ಈಗ ಪ್ಲಾಸ್ಟಿಕ್ ಹಲಗೆಗಳು ಸಿಗುತ್ತವೆ. ನಡುವೆ ಹಲ್ಲಿನಂಥ ಜೋಡಣೆ ಇರುತ್ತದೆ; ಹೊಡೆದರೆ ಬಿಚ್ಚುತ್ತದೆ, ಮತ್ತೆ ಜೋಡಿಸಬಹುದು. ಎಷ್ಟು ಗಟ್ಟಿ ಎಂಬುದನ್ನು ಬಣ್ಣದಿಂದ ಗುರುತಿಸುತ್ತಾರೆ. ಗಂಟಿಲ್ಲ, ಹಸಿ ಒಣಗು ಎಂಬ ಭೇದವಿಲ್ಲ, ಮರ ಕಡಿಯಬೇಕಾಗಿಲ್ಲ. ನಮ್ಮ ವಿದ್ಯಾರ್ಥಿನಿಲಯದ ಮಕ್ಕಳಿಗೆ ಕಲಿಸುವ ಗುರುಗಳು ಅಂಥ ನಾಲ್ಕು ಬೇಕು ಎಂದು ಕೇಳಿದ್ದಾರೆ. ದಾನಿಗಳು ಯಾರಾದರೂ ಕೊಡುವುದಿದ್ದರೆ ಕೊಡಬಹುದು. ಅವು ಬಂದ ಮೇಲೂ ಹನ್ನೆರಡು ವರ್ಷದೊಳಗಿನವರಿಗೆ ಈ ವರ್ಷ ಒಡೆಯುವ ಪಾಠ ಇಲ್ಲ. ಅವರು ಹಿಡಿಯುವುದನ್ನು ಕಲಿಯುತ್ತಾರೆ. ಉತ್ಸವದ ದಿನ ವೇದಿಕೆಯ ಮೇಲೆ ಹಂಚು ಒಡೆಯುವ ಕಾರ್ಯಕ್ರಮವನ್ನು ಕೈಬಿಟ್ಟಿದ್ದೇವೆ. ನೋಡಬೇಕು ಎನ್ನುವವರು ಬೆಳಿಗ್ಗೆ ಆರು ಗಂಟೆಗೆ ಹಿಂದಿನ ಅಂಗಳಕ್ಕೆ ಬರಬಹುದು. ಮಕ್ಕಳು ಆಗ ನಿಲ್ಲುವುದನ್ನು ಅಭ್ಯಾಸ ಮಾಡುತ್ತಿರುತ್ತಾರೆ.